ಮುಚ್ಚಳಕ್ಕೆ ತಾಗಿದ ಗುಂಡು

ಕ್ರಾನ್ಸ್‌ಪೂರ್ಟ್, ವಾಟರ್‌ಬರ್ಗ್ ಸೀಮೆ
ಜೂನ್ ೧೮೬೯, ಶನಿವಾರ

ಪ್ರೀತಿಯ ಅಲೆಟಾ ಅಕ್ಕನಿಗೆ,

ದೇವರು ನಿನ್ನನ್ನೂ ಭಾವನನ್ನೂ ಚೆನ್ನಾಗಿಟ್ಟಿರಲಿ. ನಾವಿಲ್ಲಿ ಕ್ಷೇಮ ಎಂದು ಬರೆಯಬೇಕು, ಅದಕ್ಕೆ ಬರೆದಿದ್ದೇನೆ. ನಂಬಬೇಡ.

ಈ ಕಾಗದವನ್ನು ಗಿಡಿಯನ್ ಭಾವನ ಮುಂದೆ ಓದಬೇಡ. ನಿನಗೆ ಅವರು ಗಂಡ, ನಮಗೆಲ್ಲ ದಂಡಿನ ಮುಖಂಡ. ಬೆಟ್ಟದ ಅರಸನ ಮೇಲೆ ಹೋಗುವ ದಂಡಿಗೆ ಮನೆಗೊಂದು ಕೋವಿ, ಕೋವಿಗೊಬ್ಬ ಗಂಡಸು ಎಂದು ಕರೆ ಕಳಿಸಿದವರು ಅವರೇ ತಾನೆ. ಆ ಬೆಟ್ಟದ ಜನ ನಮ್ಮ ಒಂದು ಕರುವನ್ನೂ ಮುಟ್ಟಿದವರಲ್ಲ. ಅವರ ಬೆಟ್ಟ ನಮಗೇಕೆ ಬೇಕೋ ನನಗಂತೂ ತಿಳಿಯದು. ಆದರೆ ನನ್ನನ್ನು ಕೇಳುವವರು ಯಾರು? ನಮ್ಮ ಮನೆಯಿಂದ ಲೌರೆನ್ಸ್ ಹೋಗಬೇಕು, ಅವರಿಗಾಗದಿದ್ದರೆ ಮಗ ಬಾರೆಂಡ್ ಹೋಗಬೇಕು. ಇಬ್ಬರಲ್ಲಿ ಒಬ್ಬರು.

ಸುತ್ತಿ ಬಳಸಿ ಬರೆಯುವ ಶಕ್ತಿ ನನಗಿಲ್ಲ. ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ ಅಕ್ಕಾ.

ಬಲಗಣ್ಣು ಹೋದದ್ದು ನಿನಗೆ ಗೊತ್ತು. ಗಾಡಿಯಲ್ಲಿ ಸರಕು ತರುವ ವ್ಯಾಪಾರಿಯಿಂದ ಕೊಂಡ, ಕೋವಿಮದ್ದಿಗೆ ಕಿಡಿ ಹಾರಿಸುವ ಅಗ್ಗದ ಕೇಪು ಸಿಡಿದು, ತಾಮ್ರದ ಚೂರು ಒಳಗೆ ಹೊಕ್ಕಿತ್ತು. ಗೊತ್ತಿಲ್ಲದ್ದು ಎಡಗಣ್ಣಿನ ಸಂಗತಿ. ಪೊರೆ ಬಂದು ಅದೂ ಬೆಳ್ಳಗಾಗಿದೆ. ಬೆಳಕು ಕತ್ತಲೆ ತಿಳಿಯುತ್ತದೆ, ನನ್ನ ಮುಖ ತಿಳಿಯುವುದಿಲ್ಲ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಓಡಾಡುತ್ತಾರೆ, ಕಂಡವರು ಜಂಬ ಎನ್ನುತ್ತಾರೆ. ಬಾರೆಂಡ್‌ಗೂ ನಾವು ಹೇಳಿರಲಿಲ್ಲ. ಹೊರಗೆ ಬಿದ್ದರೆ ಕೋವಿ ಅವನ ಹೆಗಲಿಗೆ ಹೋಗುತ್ತದಲ್ಲ. "ನಂದು ಮುಗಿದ ಬಾಳು ಹೆಸ್ಟರ್, ಅವನ್ದು ಇನ್ನೂ ಶುರುನೇ ಆಗಿಲ್ಲ. ನಾನೇ ಹೋಗ್ತೀನಿ, ನೀನು ಬಾಯಿ ಮುಚ್ಕೊಂಡಿರು" ಎಂದರು. "ಎದುರಿಗಿರೋ ತಟ್ಟೆ ಕಾಣಲ್ಲ, ಯುದ್ಧಕ್ಕೆ ಹೊರಟ್ರಂತೆ" ಎಂದು ಬೈದೆ. ಬೈದು ಏನು ಬಂತು? ಗಂಡನನ್ನು ತಡೆದರೆ ಮಗ ಹೋಗುತ್ತಾನೆ. ನಾನು ಯಾವ ಬಾಯಲ್ಲಿ ತಡೆಯಲಿ?

ಹಾಗಾಗಿ ನಾನೇ ಕಲಿಸಲು ಕೂತೆ. ಬಾರೆಂಡ್ ದನ ಹೊಡೆದುಕೊಂಡು ಹೋದ ಮೇಲೆ ಅಡುಗೆಮನೆಯ ಬಾಗಿಲು ಹಾಕಿ, ಹಿಂದೆ ಬಾಲದಂಥ ಹಿಡಿಯಿರುವ ನಮ್ಮ ಕೋತಿಬಾಲದ ಕೋವಿಯನ್ನು ಅವರ ತೊಡೆಯ ಮೇಲಿಡುತ್ತಿದ್ದೆ. ಮದ್ದಿನ ಬದಲು ಮರಳು ತುಂಬಿ ಕಾಗದದ ತೋಟಾ ಸುತ್ತಿಕೊಡುತ್ತಿದ್ದೆ. ನಳಿಗೆಯ ಹಿಂದಿನ ಬಾಲ ಎತ್ತಬೇಕು, ಗುಂಡು ಮುಂದಾಗಿ ತೋಟಾವನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಬೇಕು, ಬಾಲ ಒತ್ತಿ ಮುಚ್ಚಬೇಕು, ಕೋವಿಯ ಸುತ್ತಿಗೆಯನ್ನು ಅರ್ಧ ಎಳೆದು ಅದರಡಿಯ ತೊಟ್ಟಿನ ಮೇಲೆ ಕೇಪು ಕೂರಿಸಬೇಕು. ಕೇಪಿನದೇ ಪೀಡೆ. ಜೋಳದ ಕಾಳಿನಷ್ಟು ಚಿಕ್ಕದು, ಕೈಜಾರಿ ಬೀಳುತ್ತಿತ್ತು. ನಾನು ಮೊಣಕಾಲೂರಿ ನೆಲ ತಡಕುತ್ತಿದ್ದೆ, ಅವರು "ಸಿಕ್ತೇನೇ?" ಎಂದು ಕೇಳುತ್ತಾ ಕೂತಿರುತ್ತಿದ್ದರು. ಆಗೆಲ್ಲ ನನಗೆ ಅಳು ಬಂದುಬಿಡುತ್ತಿತ್ತು. ಅವರಿಗೆ ಕಾಣುವುದಿಲ್ಲವೆಂದು ಸದ್ದಿಲ್ಲದೆ ಅತ್ತು ಮುಗಿಸುತ್ತಿದ್ದೆ.

ತೋಟಾದ ಬುಡಕ್ಕೆ ನಾವು ಕೊಬ್ಬು ಸವರಿದ ಉಣ್ಣೆಯ ಬಿಲ್ಲೆ ಅಂಟಿಸುತ್ತೇವಲ್ಲ, ಗುಂಡು ಹಾರಿದರೂ ಅದು ಬೆಂಕಿ ಹಿಂದಕ್ಕೆ ಬಾರದಂತೆ ತಡೆದು ಒಳಗೇ ಉಳಿಯುತ್ತದೆ. ಮುಂದಿನ ತೋಟಾ ಬಂದು ಅದನ್ನು ಮುಂದಕ್ಕೆ ನೂಕಬೇಕು. ಕೊನೆಗೆ ಅವರಿಗೆ ದಾರಿ ತೋರಿಸಿದ್ದು ಆ ಬಿಲ್ಲೆಯೇ. ಕಿರುಬೆರಳು ಒಳಗಿಟ್ಟು ಒತ್ತುತ್ತಾರೆ. ಬಿಲ್ಲೆ ಮುಂದಕ್ಕೆ ಸರಿದರೆ ಕೋವಿ ಖಾಲಿ, ಗಟ್ಟಿಯಾಗಿ ನಿಂತರೆ ತೋಟಾ ಕೂತಿದೆ. ಆಮೇಲೆ ಎಂದೂ ತಪ್ಪಲಿಲ್ಲ.

ಬುಧವಾರ ಕೋವಿ ತಪಾಸಣೆ ಇತ್ತು. ನಿನಗೆ ಜ್ವರ, ನೀನು ಬರಲಿಲ್ಲ. ನಾವು ಹೆಂಗಸರು ಕಾಫಿ ಕೊಡುತ್ತಾ ಗಾಡಿಗಳ ಹತ್ತಿರ ನಿಂತಿದ್ದೆವು. ನೆರೆಮನೆಯ ಸಾರೆಲ್ ಗಡಿಬಿಡಿಯಲ್ಲಿ ಬಿಲ್ಲೆ ಕಿತ್ತುಹೋದ ತೋಟಾ ತುರುಕಿ ಮೀಸೆ ಸುಟ್ಟುಕೊಂಡ. "ಬಿಡೋ, ಇನ್ಮೇಲೆ ಹೆಂಡ್ತಿಗೆ ಚುಚ್ಚಲ್ಲ" ಎಂದು ಎಲ್ಲರೂ ನಕ್ಕರು. ಆಮೇಲೆ ಲೌರೆನ್ಸ್ ಸರದಿ. ಅವರ ಕೈ ಒಂದು ಕಡೆಯೂ ತಡವರಿಸಲಿಲ್ಲ. "ನೋಡ್ರೋ, ಕೋವಿ ಕಡೆ ತಿರುಗಿ ಸಹ ನೋಡ್ದೆ ತುಂಬ್ತಾನೆ" ಎಂದು ಭಾವ ಎಲ್ಲರಿಗೂ ತೋರಿಸಿದರು.

ನಂತರ ಗುರಿ. ದೂರದ ಹುತ್ತದ ಮೇಲೆ ದೊಡ್ಡ ಪಾತ್ರೆಯ ಕಬ್ಬಿಣದ ಮುಚ್ಚಳ ನಿಲ್ಲಿಸಿದ್ದರು. ಗುಂಡು ತಾಗಿತೋ ಇಲ್ಲವೋ ನೋಡಿ ಕೂಗಿ ಹೇಳಲು ಬಾರೆಂಡ್‌ನನ್ನು ಹುತ್ತದ ಬದಿಯ ಗುಂಡಿಯಲ್ಲಿ ಕೂರಿಸಿದ್ದರು. ಗುಂಡು ತಾಗಿದರೆ ಠಣ್ ಎನ್ನುತ್ತಿತ್ತು. "ಸದ್ದು ಹಿಡ್ಕೊಂಡೇ ಹೊಡೀತೀನಿ, ನೋಡ್ತಾ ಇರು" ಎಂದು ಲೌರೆನ್ಸ್ ನನಗೆ ಮೊದಲೇ ಹೇಳಿದ್ದರು. ತಮಗಿಂತ ಮೊದಲಿನವರು ಹೊಡೆಯುವಾಗ ಕಿವಿ ಅತ್ತ ಮಾಡಿ ನಿಂತಿದ್ದರು. ಆಮೇಲೆ ಕೋವಿ ಎತ್ತಿದರು. ಹೊಗೆ ಎದ್ದಿತು. ಠಣ್ ಎಂದಿತು. ಬಾರೆಂಡ್ ಗುಂಡಿಯಿಂದಲೇ ಕೇಕೆ ಹಾಕಿದ. ಸಂತೋಷದಲ್ಲಿ ನಾನೂ ಕೂಗಿಬಿಟ್ಟೆ ಅಕ್ಕಾ, ನನ್ನ ಬುದ್ಧಿಗಿಷ್ಟು.

ಭಾವ ಅವರ ಬೆನ್ನು ತಟ್ಟಿ, "ಇಂಥ ಕೈ ಹಿಂದೆ ಕೂತ್ಕೊಂಡ್ರೆ ಆಗಲ್ಲ. ಲೌರೆನ್ಸ್, ನೀನು ಮೊದಲ ಸಾಲಲ್ಲಿ, ಬಂಡೆ ಹತ್ತೋರ ಜೊತೆ" ಎಂದುಬಿಟ್ಟರು. ಕಣ್ಣಿಲ್ಲದವರು ಬಂಡೆ ಹತ್ತಬೇಕಂತೆ. ಕಲಿಸಿದವಳು ನಾನು, ಇನ್ನು ಯಾರನ್ನು ದೂರಲಿ?

ಈಗ ನನ್ನ ಬೇಡಿಕೆ. ಭಾವನಿಗೆ ಹೇಗಾದರೂ ಹೇಳಿ, ಇವರನ್ನು ಗಾಡಿಗಳ ಸುತ್ತುಕೋಟೆಯೊಳಗೆ ಬಿಡಿಸು. ಬೇರೆಯವರಿಗೆ ಕೋವಿ ತುಂಬಿಕೊಡುತ್ತಾ ಇರಲಿ. ಅದು ಹೆಂಗಸರ ಕೆಲಸ ಎಂದು ಅವರಿಗೆ ಅವಮಾನವಾಗುತ್ತದೆ. ಆಗಲಿ, ಜೀವ ಉಳಿಯುತ್ತದೆ. ಬೆನ್ನುನೋವು ಎನ್ನು, ಏನಾದರೂ ಎನ್ನು. ಕಣ್ಣಿನ ಮಾತು ಮಾತ್ರ ಎತ್ತಬೇಡ, ಎತ್ತಿದರೆ ಬಾರೆಂಡ್‌ನನ್ನು ಕರೆಯುತ್ತಾರೆ. ಸೋಮವಾರ ಹೊರಡುತ್ತಾರೆ. ನನ್ನ ತಲೆ ಓಡುತ್ತಿಲ್ಲ, ನೀನೇ ದಾರಿ ಹುಡುಕು.

ನಿನ್ನ ತಂಗಿ,
ಹೆಸ್ಟರ್

ಮರೆತ ಮಾತು: ಮರೆತದ್ದಲ್ಲ, ಈಗ ತಿಳಿದದ್ದು. ಈ ಕಾಗದಕ್ಕೆ ಮುದ್ರೆಯೊತ್ತಲು ಅರಗು ಕಾಯಿಸುತ್ತಿದ್ದಾಗ ಬಾರೆಂಡ್ ಯಾರದೋ ಹಳೇ ಕೋವಿ ಹಿಡಿದುಕೊಂಡು ಒಳಗೆ ಬಂದ. ತನಗೂ ತೋಟಾ ಸುತ್ತಿಕೊಡು ಎಂದ. ಮನೆಗೊಬ್ಬರು ಸಾಕು, ಅಪ್ಪ ಹೋಗುತ್ತಿದ್ದಾರಲ್ಲ ಎಂದು ಗದರಿದೆ. ಅವನು ಬಾಗಿಲು ಹಾಕಿ ಬಂದ. "ಅಪ್ಪನ ಗುಂಡು ಮುಚ್ಚಳಕ್ಕೆ ತಾಗ್ಲಿಲ್ಲಮ್ಮ, ನನ್ನ ತಲೆ ಮೇಲೆ ಹಾದುಹೋಯ್ತು. ಠಣ್ ಅನ್ಸಿದ್ದು ನಾನು, ಕಲ್ಲು ಹೊಡ್ದು. ಅಪ್ಪನ ಕಣ್ಣಿನ ವಿಷ್ಯ ನಂಗೆ ಯಾವಾಗ್ಲೋ ಗೊತ್ತು. ಬೆಟ್ಟದಲ್ಲಿ ಕಲ್ಲು ಹೊಡ್ದ್ರೆ ನಡೆಯಲ್ಲ, ಅದಕ್ಕೆ ಪಕ್ಕದಲ್ಲೇ ಇರ್ತೀನಿ" ಎಂದ. ಕಣ್ಣೀರಿಟ್ಟೆ, ಬೈದೆ, ಕೈಹಿಡಿದು ಎಳೆದೆ. ಕೇಳಲಿಲ್ಲ. ಈಗ ಅವನ ತೋಟಾಗಳನ್ನೂ ನಾನೇ ಸುತ್ತುತ್ತಿದ್ದೇನೆ. ಹೊರಗೆ ಲೌರೆನ್ಸ್ ಸಾರೆಲ್‌ನನ್ನು ಕೂರಿಸಿಕೊಂಡು ಆ ಗುಂಡಿನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದಾರೆ. ಬಾರೆಂಡ್ ಪಕ್ಕದಲ್ಲಿ ನಿಂತು ಹೌದು, ಹೌದು ಎನ್ನುತ್ತಿದ್ದಾನೆ.