ಟ್ರಂಕಿನ ರೆಕಾರ್ಡುಗಳು ಸತ್ತಿಲ್ಲ

ಜೂನ್ 2, ರವಿವಾರ
ಇವತ್ತೂ ಅದೇ. ಊಟವಾದ ಮೇಲೆ ಅಜ್ಜನ ರೆಕಾರ್ಡೊಂದನ್ನು ಪ್ಲೇಯರಿಗೆ ಹಚ್ಚಿದೆ. ಆಂಪ್ಲಿಫೈಯರ್‌ಗೆ ವೈರ್ ಜೋಡಿಸಿದೆ. ವಾಲ್ಯೂಮ್ ಪೂರ್ತಿ. ಬಂದದ್ದು ಸೊಳ್ಳೆಯ ಸದ್ದು. ಗೋರಖನಾಥ ಕಾಕಾ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟ— "ಸತ್ತಾವೋ ಅಶ್ವ್ಯಾ, ಅವು."

ಸತ್ತಿಲ್ಲ. ಅಜ್ಜನ ಹಳೇ ಪ್ಲೇಯರಿನ ಮುಳ್ಳು ತಾನೇ ಜೋರು ಸಿಗ್ನಲ್ ಕೊಡುತ್ತಿತ್ತು. ನಾನು ಹೈದರಾಬಾದಿನಿಂದ ತಂದದ್ದು ಬೇರೆ ನಮೂನೆಯದು, ಅದರ ಸಿಗ್ನಲ್ ಸಣ್ಣದು. ನಡುವೆ ಫೋನೋ ಪ್ರೀಆಂಪ್ ಬೇಕು. ಸಿಗ್ನಲ್ ಹಿಗ್ಗಿಸುವ ಅಂಗೈಯಗಲದ ಡಬ್ಬಿ, ಅಷ್ಟೇ.

"ನಮ್ಮಪ್ಪಗ ಬೇಕಾಗಿರಲಿಲ್ಲ. ನಿನಗ್ಯಾಕ ಬೇಕು?"

ಕಾಕಾನ ದೋಸ್ತ ನಂದಕುಮಾರ ನೌಬಾದಿನಲ್ಲಿ ಹೋಟೆಲ್ ತೆರೆಯುತ್ತಿದ್ದಾನೆ. ಬರುವ ರವಿವಾರ ಭಾಲ್ಕಿಗೆ ಬಂದು ಅಜ್ಜನ ಎರಡೂ ಟ್ರಂಕ್ ರೆಕಾರ್ಡ್ ಒಯ್ಯುತ್ತಾನಂತೆ. ಕೇಳಲಿಕ್ಕಲ್ಲ— ಗೋಡೆ ಅಲಂಕಾರಕ್ಕೆ. ನಡುವಿನ ತೂತಿಗೆ ಮೊಳೆ.

ಅಜ್ಜಿಯದು ಒಂದೇ ಮಾತು: "ಹಾಡಿದ್ರ ಇರ್ಲಿ. ಹಾಡ್ಲಿಲ್ಲಂದ್ರ ಒಯ್ಲಿ."

ಅದೇ ದಿನ, ಸಂಜೆ
ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಹೋದ ವರ್ಷ ಟ್ರಂಕಿನೊಳಗೆ ಬ್ಲೂಟೂತ್ ಸ್ಪೀಕರ್ ಬಚ್ಚಿಟ್ಟಿದ್ದೆ, ನಿಜ. ಟ್ರಂಕು ಕಾಕಾನನ್ನು ಹೆಸರು ಹಿಡಿದು ಕರೆದು ಕುಡಿಯಲು ನೀರು ಕೇಳಿತ್ತು. ಕಾಕಾ ತಂಬಿಗೆ ತಂದೂ ಇಟ್ಟಿದ್ದ. ಅಷ್ಟಕ್ಕೆ ನಾನು ಆಜನ್ಮ ಸುಳ್ಳುಗಾರನೇ? ಇತಿಹಾಸ ಈ ಮನೆತನವನ್ನು ಕ್ಷಮಿಸಲಾರದು.

ಜೂನ್ 3
ಬೀದರಿಗೆ ಹೋದೆ. ಲಗ್ನಗಳಿಗೆ ಸೌಂಡ್ ಹಚ್ಚುವ ಅಂಗಡಿಯ ಖಾಜಾ ಮಿಯಾ ಮೈಕ್ ಮಿಕ್ಸರ್ ಮುಂದಿಟ್ಟರು. "ಒಯ್ರಿ, ಆವಾಜಿಗಿ ಗೋಡಿ ಬಿರೀತದ."

ಗೋಡೆ ಬಿರಿಯುವುದು ಬೇಡ. ರೆಕಾರ್ಡಿನಲ್ಲಿ ದಪ್ಪ ದನಿಯನ್ನು ತಗ್ಗಿಸಿ, ಕೀರಲನ್ನು ಏರಿಸಿ ಕೊರೆದಿರುತ್ತಾರೆ. ಅದನ್ನು ತಿರುಗಿ ಸಮ ಮಾಡುವ ಡಬ್ಬಿ ಬೇಕು. ಮೈಕಿನದು ಎಲ್ಲವನ್ನೂ ಒಂದೇ ಸಮ ಒದರಿಸುತ್ತದೆ ಎಂದು ವಿವರಿಸಿದೆ.

"ಲಗ್ನದಾಗ ಅದೆಲ್ಲ ಯಾರ್ ಕೇಳ್ತಾರ್ರಿ?"

ನನ್ನ ಭಾಷಣ ವ್ಯರ್ಥ. ಬಸ್ಸಿನಲ್ಲಿ ಆನ್‌ಲೈನ್ ಹುಡುಕಿದೆ. ಒಂದಕ್ಕೆ ನೀಲಿ ಲೈಟು, ಬ್ಲೂಟೂತ್, ಏನೇನೋ. ಇನ್ನೊಂದು ಬರೀ ತಗಡು, ಹಿಂದೆ ಅರ್ಥಿಂಗ್ ಸ್ಕ್ರೂ. ಮನಸ್ಸೆಲ್ಲ ನೀಲಿ ಲೈಟಿನ ಮೇಲೇ. ಆದರೆ ನಮ್ಮ ಮನೆಯಲ್ಲಿ ಬ್ಲೂಟೂತ್ ಹೆಸರೆತ್ತಿದರೆ ಕೇಸು ಅಲ್ಲಿಗೇ ಮುಗಿಯಿತು. ತಗಡಿನದನ್ನೇ ಆರ್ಡರ್ ಮಾಡಿದೆ.

ಜೂನ್ 8
ಬಂತು. ಜೋಡಿಸಿದೆ. ಗುಂಯ್ಯ್... ಅರ್ಥಿಂಗ್ ತಂತಿ ಮರೆತಿದ್ದೆ. ಬಿಗಿದೆ. ಗುಂಯ್ ನಿಂತಿತು. ಮುಳ್ಳು ಇಳಿಸಿದೆ. ಮೊದಲು ತಬಲಾ ಬಂತು. ಹಿಂದೆಯೇ ಒಂದು ಹೆಣ್ಣುದನಿ— ಕೋಣೆಯಲ್ಲೇ ಕೂತಂತೆ.

ಕಾಕಾ ಓಡಿ ಬಂದವನೇ ಟ್ರಂಕಿನೊಳಗೆ ಕೈ ಹಾಕಿದ. "ಎಲ್ಲಿಟ್ಟೀ ಸ್ಪೀಕರ?"

ಇದು ನ್ಯಾಯವೇ? ಅಜ್ಜಿ ಮನೆಯ ಫೋನುಗಳನ್ನೆಲ್ಲ ಕಸಿದು, ಜೋಳದ ಹಿಟ್ಟಿನ ಡಬ್ಬಿಗೆ ತುಂಬಿ, ನಾಲ್ಕು ಮನೆ ಆಚೆಯ ವಿಶಾಖಾಳ ಕೈಗೆ ಕೊಟ್ಟು ಬಂದಳು. ಹಾಡು ನಡೆದೇ ಇತ್ತು. ಕಾಕಾ ಟ್ರಂಕಿನಿಂದ ಕೈ ತೆಗೆದ. ನನ್ನ ಫೋನಿನಿಂದ ಇನ್ನೂ ಹಿಟ್ಟು ಉದುರುತ್ತಿದೆ. ಕ್ಷಮೆ ಯಾರೂ ಕೇಳಿಲ್ಲ.

ಜೂನ್ 9, ರವಿವಾರ
ನಂದಕುಮಾರ ಬಂದ. ಕೇಳಿದ. ಖುಷಿಪಟ್ಟ. "ಹಾಡ್ತಾವಂದ್ರ ಇನ್ನಾ ಛಲೋ ಆಯ್ತು. ಮಶೀನೂ ಕೊಡ್ರಿ, ಆ ಡಬ್ಬಿನೂ ಕೊಡ್ರಿ. ಗಿರಾಕಿ ಉಣ್ಕೋತ ಕೇಳ್ತಾರ."

ಕಾಕಾ ಹೂಂ ಅಂದೇಬಿಟ್ಟ. ಹಾಡದಿದ್ದರೆ ಗೋಡೆಗೆ, ಹಾಡಿದರೆ ಹೋಟೆಲಿಗೆ.

ಅಜ್ಜಿ ಪ್ಲೇಯರಿನ ಮುಂದೆ ಕೂತವಳು ಏಳಲಿಲ್ಲ. "ನಮ್ಮವರ ಹಾಡಿನ ಸೆಟ್ಟು ಔರಾದ, ಡಾಬಕಾ ತನಕ ಲಗ್ನಕ್ಕ ಹೋಗ್ತಿತ್ತು, ನಂದಕುಮಾರ. ಸೀಜನ್ ಮುಗೀತಂದ್ರ ಟ್ರಂಕಿಗಿ ಕೀಲಿ. ಮನ್ಯಾಗ ಹಚ್ಚಿದ್ರ ಮುಳ್ಳ ಸವೀತದ ಅಂತಿದ್ರು. ಊರೆಲ್ಲ ಕೇಳ್ಯಾದ. ನಾ ಇನ್ನಾ ಕೇಳಿಲ್ಲ."

"ಹಂಗಾರ ಯಾವಾಗ ಬರ್ಲಿರಿ ಆಯಿ?"

"ಎರಡೂ ಟ್ರಂಕ್ ಕೇಳಿ ಮುಗಸ್ತೇನಿ. ಹೇಳಿ ಕಳಸ್ತೇನಿ."

ಅವನು ಚಹಾ ಕುಡಿದು ಬರಿಗೈಲಿ ಹೋದ.

ಜೂನ್ 11
ಅನ್ಯಾಯ ಈಗ ಬೇರೆ ದಿಕ್ಕಿನಿಂದ ಶುರು. ಅಜ್ಜಿ ಕಾಲೇಜಿಗೂ ಬಿಡುತ್ತಿಲ್ಲ. ಸಣ್ಣ ರೆಕಾರ್ಡುಗಳಂತೂ ಚಹಾ ಆರುವುದರೊಳಗೆ ಮುಗಿಯುತ್ತವೆ. ಮುಗಿದ ಕೂಡಲೇ ನಾನು ಓಡಬೇಕು.

"ತಿರುವಿ ಹಾಕೋದು ಕಲಸ್ತೇನಿ, ಅಜ್ಜಿ."

"ಇಷ್ಟ ವರ್ಷ ದುಡದೀನಿ. ಈಗ ಕುಂತೀನಿ. ನೀ ಹಾಕು."

ಉನ್ನತ ಅಧಿಕಾರಿಗಳಿಗೆ ದೂರು ಬರೆಯಲು ಕೂತಿದ್ದೇನೆ. ಮಾನ್ಯರೇ, ಭಾಲ್ಕಿಯ ಕಾಯಂ ನಿವಾಸಿ ಅಶ್ವಜಿತನಾದ ನಾನು, ಸ್ವಂತ ಅಜ್ಜಿ ಸುಭದ್ರಾಬಾಯಿಯವರ ವಿರುದ್ಧ ಈ ಮೂಲಕ— ಥೂ, ಸೈಡ್ ಮುಗಿಯಿತು. ಕರೆಯುತ್ತಿದ್ದಾಳೆ. ತಿರುವಿ ಹಾಕಿ ಬಂ