ಬೆಟಗೇರಿ ಗೋಲಿನ ಹಿಂದಿನ ಕೂಗು

ಬೆಟಗೇರಿ,
ಇಸವಿ 2203, ಮರುಭಾದ್ರಪದದ ಮೂವತ್ತೇಳನೆಯ ದಿನ

ನನ್ನನ್ನು ಎಂದೂ ಕಾಣದ ನನ್ನ ಹಿರಿಯರಿಗೆ, ಬೆಟಗೇರಿ ಹೆಣ್ಣುಮಕ್ಕಳ ಹಾಕಿ ತಂಡಕ್ಕೆ ಆಟ ಕಲಿಸುವ ವಸ್ತಾದಳಾದ ದ್ಯಾಮವ್ವ ಹೂಗಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ತನಗೆ ತೋಚಿದಾಗ ಬರತೊಡಗಿದ ಮೇಲೆ ನಮ್ಮ ಅಜ್ಜಂದಿರು ಬಿತ್ತನೆಗೆ ಹೊಂದಲೆಂದು ಪಂಚಾಂಗವನ್ನೇ ಹಿಗ್ಗಿಸಿ, ಭಾದ್ರಪದಕ್ಕೆ ಒಂದು ಬಾಲ ಕಟ್ಟಿದರು. ಅದೇ ಮರುಭಾದ್ರಪದ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಸುದ್ದಿಯೂ ನಮಗೇನು ಕಡಿಮೆ ವಿಚಿತ್ರವಲ್ಲ. ನಿಮ್ಮ ಕಾಲದಲ್ಲಿ ಏರುಬಿಸಿಲಿನಲ್ಲೇ ಹಾಕಿ ಆಡುತ್ತಿದ್ದರು, ಅದೂ ಮೈದಾನಕ್ಕೆ ಕುಡಿಯುವಂಥ ನೀರು ಹೊಯ್ದು, ಎಂದು ನಾನು ಹೇಳಿದಾಗ ನಮ್ಮ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವರು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆಯಿಲ್ಲ.

ಹಿರಿಯರ ಅಮಾವಾಸ್ಯೆಗೆ ಮನೆಯಲ್ಲಿ ಸತ್ತವರಿಗೆ ಎಡೆ ಇಡುವಂತೆ, ನಮ್ಮ ತಂಡದಲ್ಲಿ ಈ ಮೈದಾನದಲ್ಲಿ ಆಡಿದ ಹಿರಿಯರಿಗೆ ಒಂದು ಕಾಗದ ಬರೆದು ಓದುವ ಪದ್ಧತಿಯಿದೆ. ವರ್ಷದಲ್ಲಿ ಏನಾಯಿತೆಂದು ಹೇಳಬೇಕು, ಸುಳ್ಳು ಬರೆಯಬಾರದು, ಅಷ್ಟೇ ನಿಯಮ. ನಿಮ್ಮ ಕಾಲದಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿ ಇನ್ನೂ ಇಪ್ಪತ್ತರ ಹರೆಯದ ಹುಡುಗಿಯರು. ನನಗೆ ಅರವತ್ತು ದಾಟಿದೆ. ಆದರೂ ನೀವೇ ನನ್ನ ಮುತ್ತಜ್ಜಿಯ ಮುತ್ತಜ್ಜಿಯರು, ಹಾಗಾಗಿ ತಗ್ಗಿ ಬಗ್ಗಿಯೇ ಬರೆಯುತ್ತೇನೆ.

ಮೊದಲು ನಮ್ಮ ಮೈದಾನ ಹೇಗಿದೆ ಹೇಳಬೇಕು. ಅದರ ಮೇಲೆ ನೆರಳುಸೀರೆ ಇದೆ. ಬೆಟಗೇರಿಯ ಮಗ್ಗಗಳು ಈಗ ಉಡುವ ಸೀರೆಗಿಂತ ಹೆಚ್ಚಾಗಿ ಇದನ್ನೇ ನೇಯುತ್ತವೆ: ಮೈದಾನದ ಆ ತುದಿಯಿಂದ ಈ ತುದಿಗೆ ಕಂಬಗಳ ಮೇಲೆ ಕಟ್ಟುವ ದಪ್ಪ ಬಟ್ಟೆ, ಬಿಸಿಲು ಕುಡಿದು ಕೆಳಗೆ ಗಾಳಿ ಮಾತ್ರ ಬಿಡುತ್ತದೆ. ನೇಕಾರರು ಹಟಕ್ಕೆ ಬಿದ್ದು ಅದಕ್ಕೂ ಅಂಚು, ಸೆರಗು ಇಟ್ಟಿದ್ದಾರೆ. ಸೆರಗಿನ ಕಡೆಯ ಗೋಲು, ಅಂಚಿನ ಕಡೆಯ ಗೋಲು ಎಂದೇ ನಾವು ದಿಕ್ಕು ಹೇಳುವುದು. ನೆಲಕ್ಕೆ ಜೋಳದ ದಂಟು ಅರೆದು ಒತ್ತಿದ ಹಾಸು. ಪಂದ್ಯ ಬೆಳಗಿನ ಜಾವಕ್ಕೆ ಶುರುವಾಗಿ, ಕಪ್ಪತ್ತಗುಡ್ಡದ ಮೇಲೆ ಬಿಸಿಲು ಬಲಿಯುವ ಮೊದಲೇ ಮುಗಿಯಬೇಕು. ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಟ್ಟಿಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತೇವೆ. ರೊಟ್ಟಿಯಂತೂ ನಿಮ್ಮದೇ ರೊಟ್ಟಿ, ಚಿಂತೆ ಬೇಡ.

ಬಿಸಿಲಿನ ದೆಸೆಯಿಂದಲೇ ತಾಪದ ಕಟ್ಟಳೆ ಎಂಬ ನಿಯಮ ಬಂತು. ಗೋಲು ಕಾಯುವವಳು ಚೆಂಡಿನ ಏಟು ತಡೆಯಲು ಮೈತುಂಬ ದಪ್ಪ ಜೋಡು ಕಟ್ಟಿಕೊಳ್ಳುತ್ತಾಳಲ್ಲ, ಅದರೊಳಗೆ ಬೇಯಬಾರದೆಂದು ಪಂದ್ಯದ ನಾಲ್ಕು ಪಾಳಿಗಳಲ್ಲಿ ಒಬ್ಬಳು ಎರಡು ಪಾಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ನಲವತ್ತೈದು ತುಂಬಿದವಳು ಜೋಡು ಕಟ್ಟುವಂತೆಯೇ ಇಲ್ಲ. ನಮ್ಮ ಹುಲಿಗೆವ್ವನಿಗೆ ಈ ವರ್ಷವೇ ನಲವತ್ತೈದು ತುಂಬುವುದಿತ್ತು.

ಹುಲಿಗೆವ್ವನೆಂದರೆ ಯಾರೆಂದು ನಿಮಗೆ ಹೇಗೆ ತಿಳಿಸಲಿ? ಬೆಟಗೇರಿಯಲ್ಲಿ ಮಕ್ಕಳು ಬಾಗಿಲಿಗೆ ಅಡ್ಡ ನಿಂತರೆ ತಾಯಂದಿರು, ಆಚೆ ಸರಿಯೇ ಹುಲಿಗೆವ್ವಾ, ಎಂದು ಬೈಯುತ್ತಾರೆ. ಇಪ್ಪತ್ತೈದು ವರ್ಷ ಅವಳು ನಮ್ಮ ಗೋಲು ಕಾದಳು. ನಾನು ಅವಳನ್ನು ಮಗಳಂತೆ ಪ್ರೀತಿಸುತ್ತೇನೆ, ಅತ್ತೆಗೆ ಹೆದರಿದಂತೆ ಅವಳಿಗೆ ಹೆದರುತ್ತೇನೆ. ಅವಳ ಹಿಂದೆ ಇಬ್ಬರು ಎಳೆಯರು: ಇಪ್ಪತ್ತೊಂದರ ಫರ್ಜಾನಾ ದಲಾಲ, ಮುಖ ಗಂಟಿಕ್ಕಿಕೊಂಡೇ ಇರುವ ಚುರುಕು ಹುಡುಗಿ; ಹದಿನೇಳರ ಕಸ್ತೂರಿ, ಸದಾ ಬಾಯಾಡಿಸುತ್ತ ನಗುವವಳು. ಪದ್ಧತಿಯ ಪ್ರಕಾರ ಮೊದಲ ಮತ್ತು ಕೊನೆಯ ಪಾಳಿ ಹುಲಿಗೆವ್ವನದು. ನಡುವಿನ ಎರಡು ಪಾಳಿ ಈ ಇಬ್ಬರದು.

ನಮ್ಮಲ್ಲಿ ಲೆಕ್ಕಗಣ್ಣು ಎಂಬ ಯಂತ್ರವಿದೆ. ಕಂಬಕ್ಕೆ ಕಟ್ಟಿದರೆ ಆಡುವವರ ಕೈಕಾಲಿನ ಚುರುಕು ಅಳೆದು ಹೇಳುತ್ತದೆ. ಮೂರು ವರ್ಷದ ಹಿಂದೆಯೇ ಅದು, ಫರ್ಜಾನಾ ಹುಲಿಗೆವ್ವನಿಗಿಂತ ಚುರುಕು, ಎಂದು ತೀರ್ಪು ಕೊಟ್ಟಿತು. ಆದರೆ ಗೋಲುಗಳು ಬೀಳುತ್ತಿದ್ದದ್ದು ಫರ್ಜಾನಾಳ ಪಾಳಿಯಲ್ಲೇ. ಎದುರಾಳಿಗಳಿಗೂ ಗೊತ್ತಾಯಿತು. ಮೊದಲ ಪಾಳಿಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದು, ನಡುವೆ ಮೈಮೇಲೆ ಬರುತ್ತಿದ್ದರು. ಊರವರು ಯಂತ್ರ ಕೆಟ್ಟಿದೆ ಎಂದರು.

ಯಂತ್ರ ಕೆಟ್ಟಿರಲಿಲ್ಲ. ಒಂದು ಪಂದ್ಯದಲ್ಲಿ ನಾನು ಚೆಂಡು ನೋಡುವುದು ಬಿಟ್ಟು, ಗೋಲಿನ ಮುಂದೆ ಕಾವಲು ನಿಲ್ಲುವ ನಮ್ಮ ಹಿಂದಿನ ಸಾಲಿನವರನ್ನು ನೋಡಿದೆ. ಫರ್ಜಾನಾ ನಿಂತಾಗ ಅವರೆಲ್ಲ ಗಳಿಗೆಗೊಮ್ಮೆ ಕತ್ತು ತಿರುಗಿಸಿ, ಹೊರಗೆ ಕೂತ ಹುಲಿಗೆವ್ವನ ಮುಖ ನೋಡುತ್ತಿದ್ದರು. ಗೋಲಿನಲ್ಲಿ ನಿಂತವಳಿಗೆ ಇಡೀ ಮೈದಾನ ಕಾಣುತ್ತದೆ. ಎಡಕ್ಕೆ, ಬಲಕ್ಕೆ, ಬಿಡಬ್ಯಾಡ ಎಂದು ಅವಳು ಕೂಗಿದಂತೆ ಮುಂದಿನವರು ಸರಿಯಬೇಕು. ನಮ್ಮವರಿಗೆ ಇಷ್ಟು ವರ್ಷ ಹುಲಿಗೆವ್ವನ ದನಿಗೇ ಕಾಲು ಎತ್ತಿ ಎತ್ತಿ ರೂಢಿಯಾಗಿ, ಬೇರೆ ದನಿ ಕಿವಿಗೆ ಬಿದ್ದರೂ ಕಾಲಿಗೆ ಇಳಿಯುತ್ತಿರಲಿಲ್ಲ.

ಆಗ ನಾವೆಲ್ಲ ಸೇರಿ ಮಹಾ ಜಾಣತನ ಮಾಡಿದೆವು. ನಡುವಿನ ಪಾಳಿಗಳಲ್ಲಿ ಹುಲಿಗೆವ್ವ ಗೋಲಿನ ಬಲೆಯ ಹಿಂದೆ ನಿಂತು ಕೂಗಲಿ ಎಂದು ತೀರ್ಮಾನಿಸಿದೆವು. ಕಟ್ಟಳೆಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಮುಂದೆ ಎಳೆಯ ಕಾಲು, ಹಿಂದೆ ಹಳೆಯ ಬಾಯಿ. ಗೋಲು ಬೀಳುವುದು ನಿಂತಿತು. ಎರಡು ವರ್ಷ ಸಾಲಾಗಿ ಗೆದ್ದೆವು. ಅವಳ ಕೂಗು ಕೇಳಲಿಕ್ಕೆಂದೇ ಜನ ಬರತೊಡಗಿದರು. ಹೊಸ ನೀರು, ಹಳೆ ನೀರು ಎರಡೂ ಒಂದೇ ಕೊಡದಲ್ಲಿ ಹಿಡಿದ ವಸ್ತಾದಳು ಎಂದು ನನ್ನನ್ನು ಹೊಗಳಿದರು, ನಾನೂ ಹೊಗಳಿಸಿಕೊಂಡೆ.

ಈ ವರ್ಷ ಹುಬ್ಬಳ್ಳಿಯವರ ಜೊತೆ ಕೊನೆಯ ಪಂದ್ಯಕ್ಕೆ ವಾರ ಇರುವಾಗ ಫರ್ಜಾನಾ ನನ್ನ ಮನೆಗೆ ಬಂದಳು. ಕೂಡು ಎಂದರೆ ಕೂಡಲಿಲ್ಲ.

“ವಸ್ತಾದರ, ನಾ ಕೀಪರ್ ಅಲ್ರಿ. ಹುಲಿಗೆಕ್ಕಾರು ಆಡಿಸೋ ಗೊಂಬಿ ಅದೀನಿ. ಇನ್ನೊಂದು ತಿಂಗಳಿಗೆ ಅವರು ಹೋಗ್ತಾರ. ಆಮ್ಯಾಲೆ ಗೊಂಬಿ ಏನ್ ಮಾಡ್ಬೇಕ್ರಿ? ಹುಬ್ಬಳ್ಳಿ ಮ್ಯಾಚಿನ್ಯಾಗೂ ಅವರು ಕೂಗಿದ್ರ, ನಾ ಜೋಡು ಬಿಚ್ಚಿಟ್ಟು ಹೋಗ್ತೀನಿ. ತಿರುಗಿ ಬರಂಗಿಲ್ಲ.”

ಹುಲಿಗೆವ್ವ ಹೋಗುವವಳೇ. ಫರ್ಜಾನಾಳೂ ಹೋದರೆ ನಮ್ಮ ಗೋಲಿಗೆ ಉಳಿಯುವವಳು ಕಸ್ತೂರಿ ಒಬ್ಬಳೇ. ಆಕೆಯನ್ನು ಕೇಳಿದರೆ, “ಅಕ್ಕಾರು ಕೂಗ್ಲಿ ಬಿಡ್ರಿ, ನನಗ ವಿಚಾರ ಮಾಡೋ ತ್ರಾಸ ತಪ್ಪತೈತಿ,” ಎಂದು ಹುರಿದ ಪುಟಾಣಿ ಕಾಳು ಬಾಯಿಗೆ ಹಾಕಿಕೊಂಡಳು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ದಿನ ದೂಡಿದೆ. ಪಂದ್ಯದ ಹಿಂದಿನ ದಿನ ಎಲ್ಲರೂ ಊಟಕ್ಕೆ ಕೂತಾಗ ಫರ್ಜಾನಾ ತಾನೇ ಹುಲಿಗೆವ್ವನಿಗೆ ನೇರವಾಗಿ ಹೇಳಿಬಿಟ್ಟಳು. ಹುಲಿಗೆವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ನಾ ಬಾಯಿ ಮುಚ್ಚಿದ್ರ ಗೋಲ್ ಯಾರ್ ಕಾಯ್ತಾರ? ನೀ ಕಾಯ್ತೀ?”

“ಕಾಯ್ತೀನೋ ಇಲ್ಲೋ, ಒಮ್ಮೆರ ನೋಡೂಣಲ್ರಿ ಯಕ್ಕಾ.”

ಹುಲಿಗೆವ್ವ ಅರ್ಧ ಊಟಕ್ಕೆ ಎದ್ದು ಹೋದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ನೋಡಿದೆ, ನೋಡದವಳಂತೆ ಸಾರು ಬಡಿಸಿದೆ. ಗೋಲು ಬಿಟ್ಟರೆ ಅವಳಿಗೆ ಬೇರೇನಿತ್ತು?

ಮರುದಿನ ಮೊದಲ ಪಾಳಿಯಲ್ಲಿ ಹುಲಿಗೆವ್ವ ಒಂದು ಚೆಂಡನ್ನೂ ಬಿಡಲಿಲ್ಲ. ಎರಡನೆಯದಕ್ಕೆ ಫರ್ಜಾನಾ ನಿಂತಳು. ಹುಲಿಗೆವ್ವ ಎಂದಿನಂತೆ ಬಲೆಯ ಹಿಂದೆ ಹೋದಳು. ಹುಬ್ಬಳ್ಳಿಯವರು ನುಗ್ಗಿದರು, ಹಿಂದಿನ ಸಾಲಿನವರು ಕೂಗಿಗೆ ಕಾದರು, ಕೂಗು ಬರಲಿಲ್ಲ. ನಮ್ಮ ಶಂಕ್ರವ್ವ, ಹಿಂದಿನ ಸಾಲಿನ ಹಿರಿಯಳು, ಚೆಂಡು ಬಿಟ್ಟು ತಿರುಗಿಯೇ ನೋಡಿದಳು. ಹುಲಿಗೆವ್ವ ಚಂಬು ಹಿಡಿದು ನಿಂತಿದ್ದಳು, ಎರಡೂ ಕೆನ್ನೆ ಉಬ್ಬಿದ್ದವು. ಬಾಯಿತುಂಬ ನೀರು ತುಂಬಿಕೊಂಡಿದ್ದಳು. ತನ್ನ ಬಾಯಿಯ ಮೇಲೆ ಅವಳಿಗೇ ನಂಬಿಕೆಯಿರಲಿಲ್ಲ. ಪಂದ್ಯಕ್ಕೆ ಒಬ್ಬೊಬ್ಬರಿಗೆ ಸಿಗುವುದು ಒಂದೇ ಚಂಬು ನೀರು. ಅವಳು ಅದನ್ನು ಕುಡಿಯದೆ ಬಾಯಿಗೆ ಬೀಗ ಹಾಕಲು ಬಳಸಿದ್ದಳು.

ಅಷ್ಟರಲ್ಲಿ ಚೆಂಡು ಬಲೆಗೆ ಬಡಿದಿತ್ತು. ಜನ ಹೋ ಎಂದು ಕೂಗಾಡಿ ಹುಲಿಗೆವ್ವನನ್ನು ಕರೆದರು. ಅವಳ ಮುಖ ಕೆಂಪಡರಿತು, ಆದರೆ ಹನಿ ನೀರು ಹೊರಗೆ ಬರಲಿಲ್ಲ.

ಆಗ ಫರ್ಜಾನಾ ಬಾಯಿ ತೆಗೆದಳು. “ಏ ಶಂಕ್ರಕ್ಕಾ! ಹಿಂದ ಏನ್ ನೋಡ್ತೀ? ಗೋಲಿನ್ಯಾಗ ನಿಂತಾಕಿ ನಾನು! ಎಡಕ್ಕ ಬಾ! ಬಾ ಅಂದ್ರ ಬರಬೇಕ!” ತನಗಿಂತ ಹದಿನೈದು ವರ್ಷ ದೊಡ್ಡವಳನ್ನು ಹಾಗೆ ಗದರಿದ್ದಕ್ಕೆ ನಾನೇ ನಾಚಿದೆ. ಶಂಕ್ರವ್ವ ಮಾತ್ರ ಎಡಕ್ಕೆ ಹೋದಳು. ಮತ್ತೆ ಬಲಕ್ಕೆ ಹೋದಳು. ಆ ಪಾಳಿಯಲ್ಲಿ ಇನ್ನೊಂದು ಗೋಲು ಬೀಳಲಿಲ್ಲ. ಮೂರನೆಯದರಲ್ಲಿ ಕಸ್ತೂರಿ ನಗುನಗುತ್ತಲೇ ಒಂದು ಬಿಟ್ಟಳು, ನಮ್ಮವರು ಒಂದು ಹೊಡೆದರು. ಕೊನೆಯ ಪಾಳಿಗೆ ಹುಲಿಗೆವ್ವ ಜೋಡು ಕಟ್ಟಬೇಕಿತ್ತು. ಅವಳ ಬಾಳಿನ ಕೊನೆಯ ಪಾಳಿ ಅದು. ಊರೆಲ್ಲ ಅದಕ್ಕೆಂದೇ ಬಂದಿತ್ತು. ಅವಳು ನನ್ನ ಹತ್ತಿರ ಬಂದು ನೀರು ನುಂಗಿ, “ನಾ ಒಲ್ಲೆ. ಆಕಿನ್ನ ನಿಲ್ಲಿಸ್ರಿ. ಈಗರ ಬಾಯಿ ಬಂದೈತಿ ಹುಡುಗಿಗೆ,” ಎಂದಳು. ನಾನು ಅವಳನ್ನು ತಬ್ಬಿಕೊಂಡೆ. ಅರವತ್ತು ದಾಟಿದವಳು ಮೈದಾನದ ನಡುವೆ ಅಳುವುದು ಚೆಂದವಲ್ಲ, ಆದರೂ ಅತ್ತೆ.

ಕೊನೆಯ ಪಾಳಿಯಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಎರಡು–ಒಂದರಿಂದ ಸೋತೆವು. ಊರವರು ನನ್ನನ್ನು ಇನ್ನೂ ಬೈಯುತ್ತಿದ್ದಾರೆ. ಬೈಯಲಿ. ಫರ್ಜಾನಾ ಜೋಡು ಬಿಚ್ಚಿಟ್ಟು ಹೋಗಲಿಲ್ಲ, ಒಗೆದು ಒಣಗಿಸಲು ಮನೆಗೆ ಒಯ್ದಳು.

ಹಿರಿಯರೇ, ನಿಮ್ಮ ಕಾಲದಲ್ಲೂ ಗೋಲು ಕಾಯುತ್ತ ವಯಸ್ಸಾಗುತ್ತಿರುವ ಒಬ್ಬ ದೊಡ್ಡವಳೂ, ಅವಳ ಹಿಂದೆ ಕಾಯುತ್ತಿರುವ ಇಬ್ಬರು ಎಳೆಯರೂ ಇರಬಹುದು. ನನ್ನದೊಂದು ಬೇಡಿಕೆ. ದೊಡ್ಡವಳನ್ನು ಅವಸರದಿಂದ ಕಳಿಸಬೇಡಿ, ಅವಳಿಗೆ ಬೇಕಾದಷ್ಟು ಪಾಳಿ ಕೊಡಿ. ಆದರೆ ಎಳೆಯರಿಗೆ ಬರೀ ಪಾಳಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅವರ ಪಾಳಿಯಲ್ಲಿ ಅವರ ಮಾತೇ ನಡೆಯಲಿ, ಒಂದೆರಡು ಗೋಲು ಬಿದ್ದರೂ ಸರಿ.

ತಾಪದ ಕಟ್ಟಳೆ ಜೋಡು ಕಟ್ಟಬೇಡವೆನ್ನುತ್ತದೆಯೇ ಹೊರತು ಆಡಬೇಡವೆನ್ನುವುದಿಲ್ಲ. ಕಳೆದ ವಾರ ಹುಲಿಗೆವ್ವ ಒಂದು ಹಾಕಿ ಕೋಲು ಹಿಡಿದು ಬಂದು, ಶಂಕ್ರವ್ವನ ಪಕ್ಕ ಹಿಂದಿನ ಸಾಲಿನಲ್ಲಿ ನಿಂತಳು. ಗೋಲು ಕಾಯುವ ಇನ್ನೊಬ್ಬಳಿಗೆ ಬೆನ್ನು ಹಾಕಿ ಅವಳು ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹಿಂದೆ ಏನಾಗುತ್ತಿದೆ ಎಂದು ಅವಳಿಗೆ ಕಾಣುವುದಿಲ್ಲ. ಇಂದು ಬೆಳಿಗ್ಗೆ ಅಭ್ಯಾಸದಲ್ಲಿ ಚೆಂಡು ಅಂಚಿನ ಕಡೆಯಿಂದ ಬಂತು. ಬಲಕ್ಕೆ ಬರುತ್ತದೆಂದು ನನಗೂ ಅನಿಸಿತು, ಹುಲಿಗೆವ್ವನಿಗೂ ಅನಿಸಿತು, ಅವಳು ಬಲಗಾಲು ಎತ್ತಿಯೇಬಿಟ್ಟಿದ್ದಳು. ಹಿಂದಿನಿಂದ ಫರ್ಜಾನಾ ಕೂಗಿದಳು, “ಹುಲಿಗೆಕ್ಕಾ, ಎಡಕ್ಕ!”

ಹುಲಿಗೆವ್ವ ತಿರುಗಿ ನೋಡಲಿಲ್ಲ. ಎಡಕ್ಕೆ ಓಡಿದಳು.

ಚೆಂಡು ಅಲ್ಲಿಗೇ ಬಂತು.

ನಿಮ್ಮ ಆಟ ಚೆನ್ನಾಗಿ ಸಾಗಲಿ ಎಂದು ಹಾರೈಸುವ,
ದ್ಯಾಮವ್ವ