ಸ್ನಾನಕ್ಕಿಂತ ಮೊದ್ಲ

೧೨ ನವೆಂಬರ್ ೧೯೮೪

ಇವತ್ತೂ ಅದ ಕೆಲಸಾ. ಶಿಗ್ಗಾಂವಿ ಡಿಪೋ ಮುಟ್ಟೂದ್ರಾಗ ಬೀರಿನ ಲಾರಿ ಬಂದು ನಿಂತಿತ್ತು. ಲಾಟಿಗೊಂದು ಬಾಟ್ಲಿ ತಗಿಯೂದು, ಮೂಸೂದು, ಒಂದು ಗುಟುಕು ಬಾಯಾಗ ಆಡಸೂದು, ಉಗಳೂದು. ನುಂಗೂದಿಲ್ಲ. ಬೆಂಗಳೂರು ಬೀರು ಫ್ಯಾಕ್ಟರಿ ಲ್ಯಾಬಿಗೆ ಸೇರಿದಾಗಿಂದ ಇವತ್ತಿನ ತನಕ ಒಂದು ಹನಿ ಗಂಟಲಾಗ ಇಳಿದಿಲ್ಲ. ಇದನ್ನ ಹೇಳಿದ್ರ ಯಾರು ನಂಬ್ತಾರ?

ಹಾನಗಲ್ ಬಾರಿನ ಬೀರಪ್ಪ ಬಂದಿದ್ದ. ನವಿಲಿನ ಲೇಬಲ್ಲಿಂದ ಬೇಕಂತ ಹಟಾ. ‘ಅದು ಎಕ್ಸ್‌ಪೋರ್ಟ್ ಐತ್ರಿ, ಹಡಗಿನ ಲೇಬಲ್ಲಿಂದು ಬರೇ ಲಾಗರ್, ಸಾದಾ ಬೀರು.’ ಒಂದ ಹಂಡೇದ ಮಾಲು ಮಾರಾಯಾ, ಅಂಗಿ ಅಷ್ಟ ಬ್ಯಾರೆ! ಹೇಳಿದೆ. ನಕ್ಕ. ನವಿಲಿಂದ ಒಯ್ದ.

ಸಂಜೀಕ ಸವಣೂರ ಸ್ಟ್ಯಾಂಡಿನ್ಯಾಗ ಇಳದು ಎರಡು ಎಲಿ ಹಾಕ್ಕೊಂಡು ಚಲೋತ್ನಾಗಿ ಅಗದು ಮನಿಗೆ ಬಂದೆ. ಅವ್ವಗ ನಾ ಸೋಡಾ ಡಿಪೋದಾಗ ಮ್ಯಾನೇಜರ್. ಅಪ್ಪ ತೀರಿಕೊಂಡ ಮ್ಯಾಲೆ ಊರಿಗೆ ಬಂದವ ಹಂಗ ಹೇಳೇನಿ. ಮೂರು ವರ್ಷಾತು, ಆಕೀನೂ ಕೇಳಿಲ್ಲ.

೨೯ ನವೆಂಬರ್

ಕಂಪನಿಯವರು ಹೊಸಾ ಮಾಲು ಕಳಿಸ್ಯಾರ. ಹಸರು ಲೇಬಲ್ಲು — ‘ಹಾಪ್ ಸ್ಪೆಶಲ್’. ಮಾಲಕ ಉಳಿವೆಪ್ಪನವರು ಬಾಟ್ಲಿ ತಿರುಗಿಸಿ ಮುರುಗಿಸಿ ನೋಡಿದ್ರು. ‘ಹಾಪ್ ಅಂದ್ರ ಏನ್ರಿ ರಾಯರ?’

‘ಒಂದು ಬಳ್ಳಿ ಹೂವ್ರಿ. ಬೀರಿಗೆ ಕಹೀನೂ ಅದರಿಂದನ, ವಾಸನೀನೂ ಅದರಿಂದನ. ಕಹಿ ಉಳೀತದ, ವಾಸನಿ ಉಳಿಯೂದಿಲ್ಲ. ಹಳೇದಾತಂದ್ರ ಮೊದ್ಲ ಅದ ಹೋಗ್ತದ, ತೊಯ್ದ ರಟ್ಟಿನ್ಹಂಗ ನಾರತದ.’

‘ತಾರೀಖು ಹೊಡದಾರಲ್ರಿ?’

‘ಅದು ಚೀಟಿ ಹಚ್ಚಿದ ದಿನದ್ದು. ಒಳಗಿಂದು ಯಾವಾಗಿಂದೋ!’

‘ಹಂಗಾರ ನಮ್ಮ ತಾರೀಖು ನಿಮ್ಮ ಮೂಗ ಬಿಡ್ರಿ’ ಅಂದ್ರು.

ಬೂಚು ಹಾರಿಸಿದೆ. ಆಹಾ... ಮಾದಲಕಾಯಿ ಸಿಪ್ಪಿ ಹಿಂಡಿದ್ಹಂಗ. ಅದರ ಹಿಂದ ಎಳೀ ಎಲಿ ಚಿವುಟಿದ ವಾಸನಿ. ಎಷ್ಟು ವರ್ಷಾಗಿತ್ತು ಇಂಥಾದ್ದು ಮೂಗಿಗೆ ಬಂದು! ಸುಮ್ನ ಅದನ್ನ ಹಿಡಕೊಂಡು ಕೂತೆ. ಕುಡಿಯೂದು ಯಾಕ ಬೇಕು, ಇಷ್ಟ ಸಾಕು.

೧೭ ಡಿಸೆಂಬರ್

ಜ್ವರಾ. ಎದ್ದು ಕೂಡ್ಲಿಕ್ಕೂ ಆಗಿರಲಿಲ್ಲ. ಇವತ್ತು ಗಂಜಿ ಉಂಡೆ. ನೆಗಡಿ ಇನ್ನೂ ಕಟ್ಟೇದ.

೨೬ ಡಿಸೆಂಬರ್

ನೆಗಡಿ ಹೋಗೇದ. ಉಸಿರು ಸರಾಗ ಆಡ್ತದ. ವಾಸನಿ ಮಾತ್ರ ಬಂದಿಲ್ಲ.

ಅವ್ವ ಹಿತ್ತಲಿಗೆ ಹೋದಾಗ ಇಂಗಿನ ಡಬ್ಬಿ ತಗದು ಮೂಗಿಗೆ ಹಿಡದೆ. ಏನೂ ಇಲ್ಲ. ಸೀಗಿಕಾಯಿ, ಊದಬತ್ತಿ, ಕರ್ಪೂರ... ಎಲ್ಲಾ ಕಲ್ಲು ಮೂಸಿದ್ಹಂಗ. ಅವ್ವ ಬರೂದ್ರಾಗ ಡಬ್ಬಿ ಮುಚ್ಚಿಟ್ಟೆ.

ನಾಕು ದಿನ ನೋಡೂಣು. ಬರ್ತದ. ಬರಲಿಕ್ಕೇಬೇಕು.

೮ ಜನವರಿ ೧೯೮೫

ಹುಬ್ಬಳ್ಳಿ ಡಾಕ್ಟರ್ ಟಾರ್ಚ್ ಹಾಕಿ ನೋಡಿದ್ರು. ‘ಬಂದ್ರ ಬರಬಹುದು. ಬರದನೂ ಇರಬಹುದು. ಊಟಾ ಸೇರ್ತದಲ್ಲ? ಮತ್ತೇನು ಚಿಂತಿ?’ ಏನಂತ ಹೇಳಲಿ ಇವರಿಗೆ!

ಉಳಿವೆಪ್ಪನವರಿಗೆ ಹೇಳಿಲ್ಲ. ಹೇಳಿದ್ರ ಅಲ್ಲೆ ನನಗೇನು ಕೆಲಸಾ? ಚೀಲಾ ಹೊರಲಿಕ್ಕೆ ಬರೂದಿಲ್ಲ, ವ್ಯಾಪಾರದ ಬಾಯಿ ನನಗಿಲ್ಲ. ಇದ್ದದ್ದು ಮೂಗೊಂದ. ನಲವತ್ತಾರಕ್ಕ ಮತ್ತೆಲ್ಲಿ ಹೋಗಿ ನಿಲ್ಲಲಿ?

ಹೊಸಾ ಲಾಟು ಬಂದಿತ್ತು, ಹಾಪ್ ಸ್ಪೆಶಲ್. ತಾರೀಖು ಮೊನ್ನಿಂದು. ಬೂಚು ತಗದು ಮೂಗಿಗೆ ಹಿಡದೆ, ಕಣ್ಣು ಮುಚ್ಚಿದೆ, ಹೂಂ ಅಂತ ತಲಿ ಆಡಿಸಿದೆ. ಥೇಟ್ ನಾಟಕಾ. ಬಾಯಾಗ ಬರೇ ಕಹಿ ಹತ್ತಿತು. ಲಾಟು ಹಾನಗಲ್ಲಿಗೆ ಹೋತು.

೧೪ ಜನವರಿ

ಸಂಕ್ರಾಂತಿ. ಅವ್ವ ಎಳ್ಳು ಹುರಿದ್ಲು, ಬೆಲ್ಲಾ ಕೂಡಿಸಿ ಕೈಯಾಗ ಇಟ್ಲು. ‘ಘಮಾ ಹೆಂಗ ಅದ ನೋಡು ಈ ಸಲ!’ ಅಂದ್ಲು. ‘ಛಲೋ ಅದ ಅವ್ವಾ’ ಅಂದೆ. ಮಾರಿ ನೋಡಿದ್ಲು.

೨೨ ಜನವರಿ

ಬೀರಪ್ಪ ಹಾಪ್ ಸ್ಪೆಶಲ್ಲಿನ ಕ್ರೇಟು ಹೊತ್ತಕೊಂಡ ಬಂದ. ಕೌಂಟರ್ ಮ್ಯಾಲೆ ಕುಕ್ಕಿದ.

‘ರಾಯರ, ಇದನ್ನ ನೀವ ಮೂಸಿದ್ರೇನು? ಗಿರಾಕಿ ನನ್ನ ಮಾರಿ ಮ್ಯಾಲೆ ಉಗಳೂದೊಂದ ಬಾಕಿ ಐತಿ.’

ನಾ ಬಾಯಿ ಬಿಡೂದ್ರಾಗ ಉಳಿವೆಪ್ಪನವರು ಎದ್ದು ನಿಂತ್ರು. ‘ಏ ಬೀರಪ್ಪಾ, ಬಿಸಲಾಗ ಇಟ್ಟು ಕೆಡಿಸಿ ನಮಗ ಹೇಳಾಕ ಬಂದೀಯೇನು? ನಮ್ಮ ರಾಯರು ಹಾಂ ಅಂದ್ರ ಹಾಂ. ನಡಿ!’

ಬೀರಪ್ಪ ನನ್ನ ಕಡೆ ನೋಡಿದ. ನಾ ನೆಲಾ ನೋಡಿದೆ. ಹೊಂಟ ಹೋದ. ಥೂ ನನ್ನ ಜನ್ಮಕ್ಕ! ಬೈಸಿಕೊಂಡವ ಅವ, ತಪ್ಪು ನಂದು.

ಅಷ್ಟ ಅಲ್ಲ. ಕಂಪನಿಯವರು ಮೂರು ನಮೂನಿ ಬಾಟ್ಲಿ ಕೊಟ್ಟು ಹೋಗ್ಯಾರ. ಹಸರು, ನವಿಲು, ಹಡಗು. ಮೂರೂ ಈ ವಾರದ ತಾರೀಖು. ನಾ ಯಾವುದಕ್ಕ ಹೂಂ ಅಂತೇನಿ, ಅದರದ ವರ್ಷದ ಏಜೆನ್ಸಿ — ನಾಕು ತಾಲೂಕಿಗೆ. ಶುಕ್ರವಾರ ಸಹಿ. ‘ಮನಿ ಮಾರು ಎಲ್ಲಾ ಇದರಾಗ ಹಾಕಾಕತ್ತೇನ್ರಿ ರಾಯರ. ನೀವು ಅದೀರಂತ ಧೈರ್ಯಾ’ ಅಂದ್ರು ಉಳಿವೆಪ್ಪನವರು.

ಹೇಳಬೇಕಂದೆ. ಹೇಳದ ಬಾಟ್ಲಿ ಕಪಾಟಿನ್ಯಾಗ ಇಟ್ಟು ಬಂದೆ.

೨೩ ಜನವರಿ, ಸಂಜಿ

ಹೆಂಗ ಬರೀಲಿ.

ಅಡಗೀಮನಿ ಕಟ್ಟಿ ಮ್ಯಾಲೆ ಕೂತು ಈ ಡೈರಿ ಬರೀಲಿಕತ್ತಿದ್ದೆ. ಒಲಿ ಮ್ಯಾಲೆ ಹಾಲಿತ್ತು, ಬೆನ್ನ ಹಿಂದ. ಅವ್ವ ತುಳಸಿಗೆ ದೀಪಾ ಹಚ್ಚಲಿಕ್ಕೆ ಹೋದಾಕಿ ಅಲ್ಲಿಂದನ ಒದರಿದ್ಲು. ‘ಶ್ರೀಪಾದಾ, ಹಾಲು ಸೀದ್ವು!’ ಒಳಗ ಬಂದು ನೋಡಿದ್ಲು. ಪಾತೇಲಿ ತಳಾ ಕರ್ರಗಾಗೇದ, ಸೀದ ವಾಸನಿ ತುಳಸೀಕಟ್ಟಿ ತನಕ ಹೋಗಿರಬೇಕು. ನಾ ಒಂದು ಮಾರು ದೂರ ಕೂತೇನಿ, ಪೆನ್ನು ಕೈಯಾಗ.

ಪಾತೇಲಿ ಇಳಿಸಿದ್ಲು. ಇಂಗಿನ ಡಬ್ಬಿ ತಂದು ನನ್ನ ಮೂಗಿನ ಕೆಳಗ ಹಿಡದ್ಲು. ‘ಏನಿದು? ಕಣ್ಣು ಮುಚ್ಚಿ ಹೇಳು.’

ಕಣ್ಣು ಮುಚ್ಚಿದೆ. ಅತ್ತೆ. ಸಣ್ಣ ಹುಡುಗರ ಗತೆ, ಬಿಕ್ಕಿ ಬಿಕ್ಕಿ.

ಅವ್ವ ನನ್ನ ತಲಿ ಮ್ಯಾಲೆ ಕೈ ಇಟ್ಲು. ಮಡೀಲೆ ಇದ್ಲು, ಆದ್ರೂ ಮುಟ್ಟಿದ್ಲು. ಆಮ್ಯಾಲೆ ಕೇಳಿದ್ಲು, ‘ಹಂಗಾರ ಆ ಬೀರಿಂದು ಹೆಂಗ ಮಾಡ್ತೀಯೋ ಈಗ?’

‘ನಿನಗ... ಯಾವಾಗಿಂದ ಗೊತ್ತು?’

‘ಎಲಿ ತಿಂದ್ರ ಬಾಯಿ ವಾಸನಿ ಹೋದೀತು. ಅಂಗಿದು ಹೋಗ್ತದೇನು? ದಿನಾ ನಿನ್ನ ಅಂಗಿ ಒಗಿಯಾಕಿ ನಾ. ಕುಡಿದು ಬರೂದಿಲ್ಲ ಅನ್ನೂದೂ ಗೊತ್ತಾತು, ಸುಮ್ನಾದೆ.’

ಎಲ್ಲಾ ಹೇಳಿದೆ. ಬೀರಪ್ಪಂದು, ಏಜೆನ್ಸೀದು. ಕೇಳಿಸಿಕೊಂಡ್ಲು. ಸೀದ ಪಾತೇಲಿ ತಿಕ್ಕಿಕೋತನ ಅಂದ್ಲು — ‘ನಾಳೆ ಆ ಬಾಟ್ಲಿ ಮನಿಗೆ ತಾ.’

‘ಅವ್ವಾ!’

‘ನಾಡದು ಬೆಳಿಗ್ಗೆ, ಸ್ನಾನಕ್ಕಿಂತ ಮೊದ್ಲ. ಆವಾಗ ಹೆಂಗೂ ಮೈಲಿಗಿ ಇರ್ತೇನಿ. ಹಿತ್ತಲದಾಗ ಇಡು, ಒಳಗ ತರಬ್ಯಾಡ. ಹಳಸಿದ್ದು ಯಾವುದು ತಾಜಾ ಯಾವುದು ಅಂತ ನನಗ ಯಾರು ಕಲಸ್ತಾರ?’

೨೪ ಜನವರಿ

ಮೂರು ಬಾಟ್ಲಿ ಹಳೇ ಧೋತರದಾಗ ಸುತ್ತಿ ತಂದೆ. ಬಸ್ಸು ಜಿಗದಾಗೊಮ್ಮೆ ಖಣ್ ಖಣ್. ಬಾಜೂ ಕೂತ ಮಠದ ಆಚಾರ್ರು ‘ಗಂಗಾಜಲ ಏನ್ರಿ?’ ಅಂದ್ರು. ಹೂಂ ಅಂದೆ. ಮತ್ತೇನು ಮಾಡಲಿ!

೨೫ ಜನವರಿ, ಬೆಳಿಗ್ಗೆ

ಅರಬಿ ಒಗಿಯೂ ಕಲ್ಲಿನ ಮ್ಯಾಲೆ ಸಾಲಾಗಿ ಇಟ್ಟೆ. ಲೇಬಲ್ಲಿಗೆ ಕಾಗದಾ ಸುತ್ತಿದ್ದೆ. ಅವ್ವ ಸೆರಗು ಸೊಂಟಕ್ಕ ಸಿಗಿಸಿಕೊಂಡು ಬಂದ್ಲು. ಎಪ್ಪತ್ತರ ಮುದಕಿ, ಎಂದೂ ಉಳ್ಳಾಗಡ್ಡಿ ಹೆಚ್ಚಿದಾಕಿ ಅಲ್ಲ. ಬಗ್ಗಿ ಮೂಸಿದ್ಲು.

‘ಇದೂ ಇದೂ ಒಂದ. ಎರಡೂ ಹಳೇವು. ತೊಯ್ದ ಪಂಚಾಂಗದ ವಾಸನಿ.’

ಕಾಗದಾ ಬಿಚ್ಚಿದೆ. ನವಿಲು. ಹಸರು.

ಮೂರನೇದಕ್ಕ ಭಾಳ ಹೊತ್ತು ಹಿಡದ್ಲು. ಒಮ್ಮೆ ದೂರ ಹಿಡದು ಮತ್ತ ಹತ್ರ ತಂದ್ಲು. ಹಡಗಿಂದು, ಬರೇ ಲಾಗರ್ — ಬೀರಪ್ಪ ಬ್ಯಾಡಂದಿದ್ದು.

‘ಹೆಂಗದ ಅವ್ವಾ? ಹೇಳು... ನನಗ ತಿಳಿಯೂಹಂಗ ಹೇಳು.’

‘ಕಹಿ ವಾಸನಿ. ಆದ್ರ ಛಲೋ ಕಹಿ. ಮಾದಲಕಾಯಿ ಸಿಪ್ಪಿ ಹಿಂಡ್ತಾರಲ್ಲ, ಹಂಗ. ತಡಿ... ಹಿಂದ ಇನ್ನೊಂದದ. ತ್ವಾಟದಾಗ ಎಳೀ ಎಲಿ ಚಿವುಟಿದ್ರ ಬರ್ತದ ನೋಡು...’

ಮೂಗಿಗೆ ಏನೂ ಬರಲಿಲ್ಲ. ಆದ್ರೂ ಬಂತು. ಗ್ವಾಡಿ ಕಡೆ ಹೊಳ್ಳಿ ನಿಂತೆ. ಇಷ್ಟು ಸಂತೋಷಾ ಇಷ್ಟು ದುಃಖಾ ಒಮ್ಮೆಲೆ ನನಗ ಎಂದೂ ಆಗಿಲ್ಲ.

ಅದ ದಿನಾ, ಸಂಜಿ

ಸುಳ್ಳು ಸಾಕಾತು. ಸಹಿಗಿಂತ ಮೊದ್ಲ ಉಳಿವೆಪ್ಪನವರಿಗೆ ಹೇಳಿಬಿಟ್ಟೆ. ಮೂಗು ಹೋಗೇದ್ರಿ ಮಾಲಕರ. ಬೀರಪ್ಪಂದು ಖರೇ ಇತ್ತು, ತಪ್ಪು ನಂದು. ಹಸರೂ ಬ್ಯಾಡ, ನವಿಲೂ ಬ್ಯಾಡ, ಹಡಗಿಂದ ತಗೋರಿ. ಇದನ್ನ ಮೂಸಿದ್ದು ನಾನಲ್ಲ, ನಮ್ಮವ್ವ, ಬೆಳಿಗ್ಗೆ ಸ್ನಾನಕ್ಕಿಂತ ಮೊದ್ಲ. ನನ್ನ ಲೆಕ್ಕಾ ಮುಗಿಸ್ರಿ.

ಕುರ್ಚಿ ಹಿಂದ ಸರಿಸಿದ್ರು. ಫ್ಯಾನು ನೋಡಿದ್ರು. ಸಿಟ್ಟು ಬಂದಿತ್ತು, ಮಾರಿ ಕೆಂಪಾಗಿತ್ತು. ‘ಬೀರಪ್ಪನ ಮನೀಗೆ ನೀವ ಹೋಗಿ ಹೇಳಿ ಬರಬೇಕ್ರಿ. ನಾನೂ ಬರ್ತೇನಿ, ಬೈದವ ನಾ’ ಅಂದ್ರು.

‘ಹೂಂನ್ರಿ.’

ಎದ್ದೆ. ಬಾಗಲಾ ದಾಟೂದ್ರಾಗ ಕರದ್ರು.

‘ರಾಯರ... ಅವ್ವಾರು ಎಷ್ಟಕ್ಕ ಸ್ನಾನಾ ಮಾಡ್ತಾರ್ರಿ?’

೪ ಫೆಬ್ರವರಿ, ಬೆಳಿಗ್ಗೆ

ಹಡಗಿನ ಮೊದಲನೇ ಲಾಟು ನಿನ್ನೆ ಬಂತು. ಒಂದು ಬಾಟ್ಲಿ ತಂದೇನಿ, ಹಿತ್ತಲದಾಗ ಕಲ್ಲಿನ ಮ್ಯಾಲದ. ಅವ್ವ ಬಚ್ಚಲದಿಂದ ಒದರಲಿಕತ್ತಾಳ, ‘ನೀರು ಕಾದಾವು, ಬೂಚು ತಗೀಯೋ ಲಗೂನ, ಮಡಿಗೆ ಹೊತ್ತಾತು...’ ಬಂದೆ ಅವ್ವಾ, ಮೊದ್ಲ ಹೆಂಗದ ಅಂತ ಹೇಳು, ಆಮ್ಯಾಲೆ ಸ್ನಾನಾ.